ಕೈ ಚಾಚುವ ವಯಸ್ಸು



ಸಂತ ಯೊವಾನ್ನರು ಬರೆದ ಶುಭಸಂದೇಶದ ಕೊನೆಯ ಅಧ್ಯಾಯವನ್ನು ನೀವೆಲ್ಲರೂ ಬಲ್ಲಿರಿ. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದ ಶಿಷ್ಯರಿಗೆ ಉಣಬಡಿಸುತ್ತಾರೆ. ಊಟವಾದ ಮೇಲೆ ಪೇತ್ರನನ್ನು ಬಳಿಗೆ ಕರೆದು, ತಮ್ಮ ಮೇಲೆ ಅವನಿಗೆ ಪ್ರೀತಿಯಿದೆಯೇ ಎಂದು ಮೂರು ಸಲ ಕೇಳುತ್ತಾರೆ. ಮೂರು ಸಲವೂ ತಮ್ಮ ಮಂದೆಯನ್ನು ಅವನ ಕೈಗೆ ಒಪ್ಪಿಸುತ್ತಾರೆ. ನಾವು ಸಾಮಾನ್ಯವಾಗಿ ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತೇವೆ. ಆದರೆ ಪ್ರಭು ಅಲ್ಲಿಗೆ ಮಾತು ಮುಗಿಸಲಿಲ್ಲ. ಯೌವನದಲ್ಲಿ ತಾನೇ ನಡು ಕಟ್ಟಿಕೊಂಡು ಮನಸ್ಸು ಬಂದತ್ತ ಹೋಗುತ್ತಿದ್ದ ಪೇತ್ರನು ಮುಪ್ಪಿನಲ್ಲಿ ಕೈ ಚಾಚುವನೆಂದೂ, ಆಗ ಬೇರೊಬ್ಬನು ಅವನ ನಡು ಕಟ್ಟಿ ಅವನಿಗೆ ಇಷ್ಟವಿಲ್ಲದ ಕಡೆಗೆ ಕರೆದೊಯ್ಯುವನೆಂದೂ ತಿಳಿಸಿದರು (ಯೊವಾನ್ನ 21:18). ಅದಾದ ಮೇಲೆಯೇ ತಮ್ಮನ್ನು ಹಿಂಬಾಲಿಸುವಂತೆ ಹೇಳಿದರು.

ಈ ಮಾತು ಪೇತ್ರನ ರಕ್ತಸಾಕ್ಷಿ ಮರಣವನ್ನು ಸೂಚಿಸುತ್ತದೆಂದು ಶುಭಸಂದೇಶಕಾರರೇ ವಿವರಿಸಿದ್ದಾರೆ. ಆದರೂ ಮನೆಯಲ್ಲಿ ವಯಸ್ಸಾದವರಿರುವ ಯಾರೇ ಈ ವಾಕ್ಯವನ್ನು ಓದಿದರೂ ಅವರ ಕಣ್ಣ ಮುಂದೆ ಬರುವುದು ಶಿಲುಬೆಗಿಂತ ಮೊದಲು ಒಂದು ಮಂಚ. ಅದರ ಅಂಚಿನಲ್ಲಿ ಕುಳಿತ ಅಪ್ಪ, ಅಪ್ಪನ ಪಂಚೆ ಕಟ್ಟಲು ಬಗ್ಗಿದ ಮಗ. ಇಲ್ಲವೇ ಕೈ ಚಾಚಿ ನಿಂತ ಅಮ್ಮ, ರವಿಕೆಯ ತೋಳು ತೊಡಿಸುತ್ತಿರುವ ಸೊಸೆ. ಪೇತ್ರನಿಗೆ ಹೇಳಿದ್ದು ನಮ್ಮ ಮನೆಗಳಲ್ಲಿ ದಿನ ಬೆಳಗಾದರೆ ನಡೆಯುತ್ತಿದೆ.

2011ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಮನುಷ್ಯನ ಆಯುಸ್ಸು ಹೆಚ್ಚಿರುವುದು ದೇವರ ಕೊಡುಗೆಯೇ ಸರಿ. ಆದರೆ ಹೆಚ್ಚಾದ ಆ ವರ್ಷಗಳನ್ನು ಹೇಗೆ ಬಾಳಬೇಕು, ಬಾಳಿಸಬೇಕು ಎಂಬುದನ್ನು ನಾವು ಕಲಿತಿದ್ದೇವೆಯೇ? ಮುಪ್ಪಿನ ಆರೋಗ್ಯದ ಗುಟ್ಟು ಎರಡು ಕೈಗಳಲ್ಲಿದೆ: ಸಂಕೋಚವಿಲ್ಲದೆ ಚಾಚುವ ಕೈ, ಬೇಸರವಿಲ್ಲದೆ ಹಿಡಿಯುವ ಕೈ. ಇವೆರಡೂ ಪ್ರಭುವನ್ನು ಹಿಂಬಾಲಿಸುವ ರೀತಿಗಳೇ ಎಂಬುದು ಈ ವಾರದ ನಮ್ಮ ಚಿಂತನೆ.

ಯಾರಿಗೂ ಭಾರವಾಗಬಾರದೇ?

ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಪ್ರತಿಯೊಬ್ಬ ಗುರುವೂ ಒಂದು ಮಾತನ್ನು ಮನೆಮನೆಯಲ್ಲೂ ಕೇಳುತ್ತಾನೆ: "ಫಾದರ್, ಕೈಕಾಲು ಗಟ್ಟಿ ಇರುವಾಗಲೇ ದೇವರು ಕರೆದುಕೊಳ್ಳಲಿ ಅಂತ ಪ್ರಾರ್ಥನೆ ಮಾಡಿ. ಯಾರಿಗೂ ಭಾರ ಆಗಬಾರದು." ಜೀವಮಾನವೆಲ್ಲ ದುಡಿದು ಹತ್ತು ಜನಕ್ಕೆ ಅನ್ನ ಹಾಕಿದವರ ಮಾತದು. ಅದರಲ್ಲಿ ಮಕ್ಕಳ ಮೇಲಿನ ಮಮತೆಯಿದೆ, ನಿಜ. ಆದರೆ ಆ ಪ್ರಾರ್ಥನೆಯ ಒಳಗೆ ಒಂದು ತಪ್ಪು ತಿಳಿವಳಿಕೆಯೂ ಅಡಗಿದೆ. ದುಡಿಯುವವನಿಗೆ ಬೆಲೆ, ಪಡೆಯುವವನು ದಂಡ ಎಂಬ ಸಂತೆಯ ಲೆಕ್ಕವನ್ನು ನಾವು ಮನುಷ್ಯನ ಮೇಲೂ ಹಾಕಿಬಿಟ್ಟಿದ್ದೇವೆ.

ವಿಶ್ವಾಸ ನಮಗೆ ಕಲಿಸುವುದು ಬೇರೆಯೇ ಲೆಕ್ಕ. ಸೃಷ್ಟಿಯಾದ ಯಾವುದೂ ತನ್ನಿಂದ ತಾನೇ ಇಲ್ಲ, ಇರವನ್ನೇ ಅದು ದೇವರಿಂದ ಪಡೆದಿದೆ ಎಂಬುದು ನಮ್ಮ ತತ್ವಶಾಸ್ತ್ರದ ಮೊದಲ ಪಾಠ. ಹುಟ್ಟಿದ ದಿನ ನಾವೆಲ್ಲರೂ ಯಾರದೋ ತೋಳಿಗೆ ಭಾರವಾಗಿಯೇ ಬಂದೆವು. ದೇವಪುತ್ರರೂ ಬೆತ್ಲೆಹೇಮಿನಲ್ಲಿ ಹಾಗೆಯೇ ಬಂದರು. ತಾಯಿ ಮರಿಯ ಅವರನ್ನು ಬಟ್ಟೆಯಲ್ಲಿ ಸುತ್ತಿದರು, ಹಾಲುಣಿಸಿದರು. ಶಿಲುಬೆಯ ಹಾದಿಯಲ್ಲಿ ಸಿರೇನಿನ ಸಿಮೋನನು ಅವರ ಹೊರೆಗೆ ಹೆಗಲು ಕೊಟ್ಟ. ಕೊನೆಗೆ ಅವರ ಪಾರ್ಥಿವ ಶರೀರವನ್ನು ಬೇರೆಯವರೇ ಇಳಿಸಿ, ನಾರುಮಡಿಯಲ್ಲಿ ಸುತ್ತಿ, ಸಮಾಧಿಗೆ ಹೊತ್ತರು. ಲೋಕವನ್ನೆಲ್ಲ ಹೊತ್ತವರು ಹೊರಿಸಿಕೊಳ್ಳಲು ನಾಚಲಿಲ್ಲ. ಒಬ್ಬರ ಹೊರೆಯನ್ನೊಬ್ಬರು ಹೊರುವುದೇ ಕ್ರಿಸ್ತರ ನಿಯಮವೆಂದು ಸಂತ ಪೌಲರು ಗಲಾತ್ಯರಿಗೆ ಬರೆದಾಗ (6:2), ಹೊರುವವರು ಇರಬೇಕಾದರೆ ಹೊರಿಸಿಕೊಳ್ಳುವವರೂ ಇರಲೇಬೇಕಲ್ಲವೇ?

ನಮ್ಮ ಕಾಲದ ಮೂವರು ಜಗದ್ಗುರುಗಳನ್ನು ನೆನೆಯಿರಿ. ಎರಡನೇ ಜಾನ್ ಪೌಲರು 1999ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ, ಲೋಕದ ವೃದ್ಧರಿಗೆಲ್ಲ ಒಂದು ಪತ್ರ ಬರೆದರು. ಯೌವನದಲ್ಲಿ ಬೆಟ್ಟ ಹತ್ತುತ್ತಿದ್ದ ಆ ಶರೀರ ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುತ್ತಿದ್ದರೂ, ಬಾಯಿಯ ಮಾತು ತೊದಲುತ್ತಿದ್ದರೂ, 2005ರ ಏಪ್ರಿಲ್ 2ರಂದು ಕಣ್ಣು ಮುಚ್ಚುವವರೆಗೆ ಅವರು ತಮ್ಮ ಬಲಹೀನತೆಯನ್ನು ಜನರಿಂದ ಮರೆಮಾಡಲಿಲ್ಲ. ಹದಿನಾರನೇ ಬೆನೆಡಿಕ್ಟರು 2013ರಲ್ಲಿ, 85ನೇ ವಯಸ್ಸಿನಲ್ಲಿ, ಹೊಣೆ ಹೊರಲು ತಮ್ಮಲ್ಲಿ ಶಕ್ತಿ ಉಳಿದಿಲ್ಲವೆಂದು ತಾವಾಗಿಯೇ ಪೀಠ ಬಿಟ್ಟುಕೊಟ್ಟು ಪ್ರಾರ್ಥನೆಯ ಬಾಳಿಗೆ ಸರಿದರು. ಫ್ರಾನ್ಸಿಸರು 2022ರಿಂದ ಗಾಲಿಕುರ್ಚಿಯಲ್ಲಿ ಕುಳಿತೇ ಲೋಕ ಸುತ್ತಿದರು. 2025ರ ಪಾಸ್ಖ ಹಬ್ಬದಂದು ಜನರನ್ನು ಆಶೀರ್ವದಿಸಿ, ಮಾರನೆಯ ದಿನ ಪ್ರಭುವಿನ ಬಳಿಗೆ ನಡೆದರು. ಒಬ್ಬರು ಹಿಡಿದುಕೊಂಡರು, ಒಬ್ಬರು ಬಿಟ್ಟುಕೊಟ್ಟರು, ಒಬ್ಬರು ತಮ್ಮನ್ನು ತಳ್ಳಿಕೊಂಡು ಹೋಗಲು ಒಪ್ಪಿದರು. ದಾರಿ ಬೇರೆ ಬೇರೆಯಾದರೂ ಮೂವರೂ ಪೇತ್ರನ ಹಾಗೆ ಕೈ ಚಾಚಿದವರೇ.

ಆದ್ದರಿಂದ ಪ್ರಿಯ ಹಿರಿಯರೇ, ಊರುಗೋಲು ಹಿಡಿಯುವುದು ಸೋಲಲ್ಲ. ಕಿವಿಗೆ ಯಂತ್ರ ಹಾಕಿಕೊಳ್ಳುವುದು ಅವಮಾನವಲ್ಲ. "ಸ್ವಲ್ಪ ಕೈ ಹಿಡಿ ಮಗಾ" ಎಂದು ಕೇಳುವುದು ದೈನ್ಯವಲ್ಲ, ದೀನತೆ. ದೈನ್ಯಕ್ಕೂ ದೀನತೆಗೂ ಬಹಳ ಅಂತರವಿದೆ. ದೀನತೆ ಸುಗುಣ.

ಮೋಶೆಗೆ ಕಲ್ಲು ತಂದಿಟ್ಟವರು

ವಿಮೋಚನಾಕಾಂಡದ 17ನೇ ಅಧ್ಯಾಯದಲ್ಲಿ ಒಂದು ಸುಂದರ ಪ್ರಸಂಗವಿದೆ. ಅಮಾಲೇಕ್ಯರೊಡನೆ ಯುದ್ಧ ನಡೆಯುತ್ತಿರುವಾಗ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಲ್ಲುತ್ತಾನೆ. ಕೈ ಮೇಲಿದ್ದಷ್ಟು ಹೊತ್ತು ಇಸ್ರಯೇಲರಿಗೆ ಜಯ, ಇಳಿದರೆ ಸೋಲು. ಆಗ ಮೋಶೆಗೆ 80 ದಾಟಿತ್ತು. ಕೈ ಸೋತವು. ಜೊತೆಯಲ್ಲಿದ್ದ ಆರೋನನೂ ಹೂರನೂ ಏನು ಮಾಡಿದರು? ಮುದುಕನಾದೆ, ಸಾಕು, ಮನೆಗೆ ಹೋಗು ಎಂದು ಹೇಳಲಿಲ್ಲ. ಬರೀ ಪ್ರಾರ್ಥನೆ ಮಾಡುತ್ತಲೂ ನಿಲ್ಲಲಿಲ್ಲ. ಮೊದಲು ಕೂರಲು ಒಂದು ಕಲ್ಲು ತಂದಿಟ್ಟರು. ಆಮೇಲೆ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಸೂರ್ಯ ಮುಳುಗುವವರೆಗೆ ಅವನ ಕೈಗಳಿಗೆ ಆಸರೆಯಾದರು.

ಪ್ರಾರ್ಥನೆಯ ಜೊತೆಗೆ ಕಲ್ಲನ್ನೂ ತರಬೇಕು. ದೇವರ ವಾಕ್ಯ ಶರೀರವನ್ನು ಕಡೆಗಣಿಸುವುದಿಲ್ಲ. ವೈದ್ಯನನ್ನು ಗೌರವಿಸಬೇಕು, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ, ಜಾಣನು ಅದನ್ನು ತಿರಸ್ಕರಿಸುವುದಿಲ್ಲ ಎಂಬ ಬೋಧನೆ ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ. ಸಂತ ಪೌಲರು ತಿಮೊಥೇಯನಿಗೆ ಬರೆದ ಪತ್ರದಲ್ಲಿ ಅವನ ಹೊಟ್ಟೆಯ ಆರೋಗ್ಯದ ಬಗ್ಗೆಯೂ ಕಾಳಜಿ ತೋರಿಸಿದ್ದಾರೆ. ಮನೆಯಲ್ಲಿ ವೃದ್ಧರಿರುವವರು ತಂದಿಡಬಹುದಾದ ಕೆಲವು ಕಲ್ಲುಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಬೀಳದಂತೆ ನೋಡಿಕೊಳ್ಳುವುದು. ವಯಸ್ಸಾದ ಮೂಳೆ ಟೊಳ್ಳಾಗಿರುತ್ತದೆ. ಬಚ್ಚಲಲ್ಲಿ ಒಂದು ಸಲ ಜಾರಿ ಸೊಂಟದ ಮೂಳೆ ಮುರಿದರೆ, ನಡೆದಾಡುತ್ತಿದ್ದವರು ಹಾಸಿಗೆ ಹಿಡಿದುಬಿಡುತ್ತಾರೆ. ಬಚ್ಚಲ ನೆಲ ಒಣಗಿರಲಿ, ಗೋಡೆಗೆ ಹಿಡಿಕೆಯೊಂದಿರಲಿ, ಕೂತು ಸ್ನಾನ ಮಾಡಲು ಮಣೆ ಅಥವಾ ಸ್ಟೂಲ್ ಇರಲಿ, ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಸವೆದ ಚಪ್ಪಲಿ, ಮಡಚಿಕೊಳ್ಳುವ ಕಾಲೊರಸು ಎರಡನ್ನೂ ತೆಗೆಯಿರಿ. ಮಲಗಿದ್ದವರು ದಡಕ್ಕನೆ ಏಳಬಾರದು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ತಲೆ ತಿರುಗುತ್ತಿಲ್ಲವೆಂದು ಖಚಿತವಾದ ಮೇಲೆ ಎದ್ದು ನಿಲ್ಲಬೇಕು. ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸಿದ ಮಗ ಆರೋನನ ಕೆಲಸವನ್ನೇ ಮಾಡಿದಂತೆ.

ಎರಡನೆಯದು, ಊಟ ಮತ್ತು ನೀರು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ಕೇಳಲಿಲ್ಲವೆಂದರೆ ಬೇಡವೆಂದಲ್ಲ, ನೀರನ್ನು ಕೈಗೆ ಕೊಡಬೇಕು. ಹೃದಯದ, ಮೂತ್ರಪಿಂಡದ ತೊಂದರೆ ಇರುವವರಿಗೆ ಎಷ್ಟು ನೀರೆಂಬುದನ್ನು ವೈದ್ಯರನ್ನು ಕೇಳಿ ತಿಳಿಯಿರಿ. ಒಂಟಿಯಾಗಿರುವ ಅಜ್ಜಿಯರು ಒಬ್ಬಳಿಗೆ ಯಾಕೆ ಒಲೆ ಹಚ್ಚುವುದು ಎಂದು ಕಾಫಿ ಬನ್ನಿನಲ್ಲೋ ಗಂಜಿ ಉಪ್ಪಿನಕಾಯಿಯಲ್ಲೋ ದಿನ ಕಳೆಯುತ್ತಾರೆ. ಬೇಳೆಕಾಳು, ಮೊಟ್ಟೆ, ಮೀನು, ಹಾಲು, ಸೊಪ್ಪು ಇಲ್ಲದೆ ಮಾಂಸಖಂಡಕ್ಕೆ ಬಲ ಎಲ್ಲಿಂದ ಬರಬೇಕು? ಪ್ರವಾದಿ ಎಲೀಯ ಬದುಕು ಸಾಕಾಗಿ ಗಿಡದ ಕೆಳಗೆ ಮಲಗಿ ಸಾವನ್ನು ಬೇಡಿದಾಗ, ದೇವದೂತನು ಬೋಧನೆ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಇಟ್ಟು ತಟ್ಟಿ ಎಬ್ಬಿಸಿದ, ತಿಂದು ಮತ್ತೆ ಮಲಗಲು ಬಿಟ್ಟ. ಬೇಸರಪಟ್ಟ ಜೀವಕ್ಕೆ ಮೊದಲ ಮದ್ದು ಜೊತೆಯಲ್ಲಿ ಕೂತು ಉಣ್ಣುವ ಒಬ್ಬರು.

ಮೂರನೆಯದು, ನಡಿಗೆ. ವಾರಕ್ಕೆ 150 ನಿಮಿಷವಾದರೂ ನಡಿಗೆಯಂಥ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹ ಅನುಮತಿಸುವವರು ಬೆಳಗಿನ ಬಲಿಪೂಜೆಗೆ ನಡೆದು ಬಂದರೆ ಆತ್ಮಕ್ಕೂ ಕಾಲಿಗೂ ಒಳ್ಳೆಯದು. ನಡೆಯಲಾಗದವರು ಕುರ್ಚಿಯಿಂದ ಎದ್ದು ಕೂರುವುದನ್ನಾದರೂ ದಿನಕ್ಕೆ ಹಲವು ಸಲ ಮಾಡಬಹುದು.

ನಾಲ್ಕನೆಯದು, ಮಾತ್ರೆ. ರಕ್ತದೊತ್ತಡ ಸರಿಹೋಯಿತೆಂದು ಮಾತ್ರೆ ನಿಲ್ಲಿಸುವವರುಂಟು. ಸರಿಹೋದದ್ದೇ ಮಾತ್ರೆಯಿಂದ. ಮೂರು ಕಡೆ ತೋರಿಸಿ ಮೂವರು ಬರೆದುಕೊಟ್ಟದ್ದನ್ನೆಲ್ಲ ಒಟ್ಟಿಗೆ ನುಂಗುವವರೂ ಉಂಟು. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬ ವೈದ್ಯರಿಗೆ ತೋರಿಸಿರಿ.

ಐದನೆಯದು, ಕಣ್ಣು ಕಿವಿ. ಪೊರೆ ಬಂದ ಕಣ್ಣಿಗೆ ಇಂದು ಸುಲಭದ ಶಸ್ತ್ರಚಿಕಿತ್ಸೆಯಿದೆ. ಕಿವಿ ಮಂದವಾದವರು ಮೆಲ್ಲಗೆ ಮಾತುಕತೆಯಿಂದ ಹಿಂದೆ ಸರಿಯುತ್ತಾರೆ. ಮನೆಯವರು ನಗುತ್ತಿರುವುದು ಏಕೆಂದು ತಿಳಿಯದೆ ಸುಮ್ಮನೆ ಕೂರುತ್ತಾರೆ. ಕೇಳಿಸದ ಕಿವಿಯನ್ನು ಹಾಗೆಯೇ ಬಿಟ್ಟರೆ ಮರೆವಿನ ರೋಗದ ಅಪಾಯವೂ ಹೆಚ್ಚುತ್ತದೆಂದು ವೈದ್ಯಶಾಸ್ತ್ರ ಕಂಡುಕೊಂಡಿದೆ.

ಮರೆವು ಬಂದಾಗ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ನಮ್ಮಲ್ಲಿ ಬಹಳ ಅನ್ಯಾಯ ಮಾಡಿದೆ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ವಯಸ್ಸಿನ ಸಹಜ ಗುಣವಿರಬಹುದು. ಆದರೆ ಮನೆಯ ದಾರಿ ತಪ್ಪುವುದು, ಹೊತ್ತು ಗೊತ್ತು ತಿಳಿಯದಿರುವುದು, ಹೆತ್ತ ಮಕ್ಕಳನ್ನೇ ಗುರುತಿಸದಿರುವುದು ಸಹಜ ಮುಪ್ಪಲ್ಲ, ಕಾಯಿಲೆ. ನೆನ್ನೆ ಸರಿಯಿದ್ದವರು ಇಂದು ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿ ಮಾತನಾಡಿದರೆ, ಅದು ಮೂತ್ರದ ಸೋಂಕಿನಿಂದಲೋ, ರಕ್ತದಲ್ಲಿ ಉಪ್ಪಿನಂಶ ಇಳಿದದ್ದರಿಂದಲೋ, ಯಾವುದೋ ಮಾತ್ರೆಯಿಂದಲೋ ಆಗಿರಬಹುದು. ಅಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ; ಇದು ಬಹಳ ಸಲ ಗುಣವಾಗುವಂಥದ್ದು. ಮೆಲ್ಲಮೆಲ್ಲಗೆ ಬಂದ ಮರೆವಿಗೂ ಕೆಲವೊಮ್ಮೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನೋವೇದನೆ ಕಾರಣವಾಗಿರುತ್ತವೆ. ಆಲ್ಝೈಮರ್ ಕಾಯಿಲೆಯೇ ಆಗಿದ್ದರೆ ಪೂರ್ಣ ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಆದರೆ ಪ್ರೀತಿಯ ಆರೈಕೆಗೆ ಅಲ್ಲಿಯೂ ಫಲವಿದೆ. ಅವರೊಡನೆ ವಾದ ಮಾಡಬೇಡಿ. ಐದು ಸಲ ಕೇಳಿದ್ದಕ್ಕೆ ಆರನೆಯ ಸಲವೂ ಮೊದಲ ಸಲದಂತೆಯೇ ಉತ್ತರ ಕೊಡಿ. ಗದರಿದ ಕಾರಣ ಅವರಿಗೆ ಮರೆತುಹೋಗುತ್ತದೆ. ಗದರಿದ ನೋವು ಉಳಿಯುತ್ತದೆ.

ಸುಮಾರು 2,200 ವರ್ಷಗಳ ಹಿಂದೆ ಸಿರಾಖನಿಗೆ ಇದು ತಿಳಿದಿತ್ತು. ತಂದೆಯ ಬುದ್ಧಿ ಮಂದವಾದರೂ ಸಹನೆಯಿಂದಿರಬೇಕು, ತನ್ನಲ್ಲಿ ಪೂರ್ಣ ಬಲವಿದೆಯೆಂದು ಅವನನ್ನು ಹೀನೈಸಬಾರದು, ತಂದೆಗೆ ತೋರಿದ ಕರುಣೆಯನ್ನು ದೇವರು ಮರೆಯುವುದಿಲ್ಲ ಎಂದು ಅವನು ಕಲಿಸುತ್ತಾನೆ (3:12-14). ಮಕ್ಕಳ ಹೆಸರನ್ನೇ ಮರೆತ ಅಜ್ಜಿಯೊಬ್ಬರು ಜಪಸರ ಕೈಗಿತ್ತ ಕೂಡಲೇ ನಮೋ ಮರಿಯಾ ಪ್ರಾರ್ಥನೆಯನ್ನು ತಪ್ಪಿಲ್ಲದೆ ಮುಂದುವರಿಸುವುದನ್ನು ನಿಮ್ಮಲ್ಲಿ ಎಷ್ಟೋ ಮಂದಿ ಕಂಡಿದ್ದೀರಿ. ಅವರು ದೇವರನ್ನು ಮರೆತರೂ ದೇವರು ಅವರನ್ನು ಮರೆಯುವವರಲ್ಲ. ಆ ಭರವಸೆಯೇ ಅಂಥ ಮನೆಗಳಿಗೆ ಆಧಾರ.

ನಾಲ್ಕನೆಯ ಕಟ್ಟಳೆ ಯಾರಿಗೆ?

ತಂದೆತಾಯಿಯನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯನ್ನು ನಾವು ಜ್ಞಾನೋಪದೇಶದ ಮಕ್ಕಳಿಗೆ ಬಾಯಿಪಾಠ ಮಾಡಿಸಿ, ದೊಡ್ಡವರು ಅದರಿಂದ ಪಾರಾದೆವೆಂದು ತಿಳಿದಿದ್ದೇವೆ. ಆದರೆ ಸೀನಾಯ್ ಬೆಟ್ಟದ ಬುಡದಲ್ಲಿ ಆ ಕಟ್ಟಳೆಯನ್ನು ಕೇಳಿ ನಿಂತಿದ್ದವರು ಶಾಲೆಯ ಮಕ್ಕಳಲ್ಲ. ಹೆಂಡತಿ ಮಕ್ಕಳಿರುವ, ದನಕರು ಗುಡಾರಗಳಿರುವ, ಮುದಿ ತಂದೆತಾಯಿಯನ್ನು ಮರಳುಗಾಡಿನಲ್ಲಿ ಜೊತೆಗೆ ಕರೆದೊಯ್ಯಬೇಕೋ ಹಿಂದೆ ಬಿಡಬೇಕೋ ಎಂದು ತೀರ್ಮಾನಿಸಬಲ್ಲ ವಯಸ್ಕರೂ ಅಲ್ಲಿದ್ದರು. ಕಟ್ಟಳೆ ಮೊದಲು ಅನ್ವಯಿಸುವುದು ಅವರಿಗೆ. ಅಂದರೆ ನಲವತ್ತು ಐವತ್ತರ ನಮಗೆ.

ಪ್ರಭು ಯೇಸು ಈ ವಿಷಯದಲ್ಲಿ ಎಷ್ಟು ನಿಷ್ಠುರರಾಗಿದ್ದರೆಂದು ಮಾರ್ಕನ ಶುಭಸಂದೇಶದ 7ನೇ ಅಧ್ಯಾಯ ತೋರಿಸುತ್ತದೆ. ತಂದೆತಾಯಿಗೆ ಸಲ್ಲಬೇಕಾದ ಹಣವನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು, ಎಂದು ಹೇಳಿಬಿಟ್ಟರೆ ಮುಗಿಯಿತು, ಹೆತ್ತವರಿಗೆ ಏನೂ ಕೊಡಬೇಕಾಗಿಲ್ಲ ಎಂಬ ರೂಢಿ ಫರಿಸಾಯರಲ್ಲಿತ್ತು. ಇದು ದೇವರ ಆಜ್ಞೆಯನ್ನೇ ರದ್ದುಮಾಡುವ ಭಕ್ತಿ ಎಂದು ಪ್ರಭು ಖಂಡಿಸಿದರು. ನಮ್ಮಲ್ಲಿ ಕೊರ್ಬಾನ್ ಇಲ್ಲವೇ? ದೇವಾಲಯದ ಹಬ್ಬಕ್ಕೆ ಹೆಸರು ಹಾಕಿಸಿ ದೇಣಿಗೆ ಕೊಟ್ಟು, ಅಮ್ಮನ ಮಂಡಿನೋವಿನ ಮದ್ದಿಗೆ ಅಣ್ಣತಮ್ಮಂದಿರು ಲೆಕ್ಕ ಹಾಕುವುದಿಲ್ಲವೇ? ಮೂರು ತಿಂಗಳು ಇವನ ಮನೆ, ಮೂರು ತಿಂಗಳು ಅವಳ ಮನೆ ಎಂದು ಹೆತ್ತವರನ್ನು ಪೆಟ್ಟಿಗೆಯಂತೆ ಸಾಗಿಸುವುದಿಲ್ಲವೇ? ಜಮೀನು ಪಾಲಾಗುವವರೆಗೆ ಅಪ್ಪನ ಸುತ್ತ ಇದ್ದ ಗದ್ದಲ ಪಾಲಾದ ಮೇಲೆ ಎಲ್ಲಿ ಹೋಯಿತು? ಪ್ರಿಯರೇ, ಈ ಪ್ರಶ್ನೆಗಳು ಕಹಿಯಾಗಿವೆ. ಆದರೆ ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ಇವನ್ನು ಬಿಟ್ಟುಬಿಡಬಾರದು.

ದೇಶದ ಕಾನೂನೂ ಈಗ ಈ ಹೊಣೆಯನ್ನು ಎತ್ತಿ ಹಿಡಿದಿದೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಂತೆ, ತಮ್ಮನ್ನು ತಾವು ಸಾಕಿಕೊಳ್ಳಲಾಗದ ಹೆತ್ತವರು ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ಮಾತಿಗೆ ತಪ್ಪಿದರೆ, ಮರಳಿ ಪಡೆಯಲೂ ಅವಕಾಶವಿದೆ. ಸಂಕಷ್ಟದಲ್ಲಿರುವ ಹಿರಿಯರಿಗಾಗಿ 14567 ಎಂಬ ಸಹಾಯವಾಣಿಯೂ ಇದೆ. ಕಷ್ಟದಲ್ಲಿರುವವರು ಇವನ್ನು ಬಳಸಲು ಅಂಜಬೇಕಾಗಿಲ್ಲ. ಆದರೆ ಕ್ರೈಸ್ತ ಮನೆಯೊಂದರ ತಾಯಿ ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಗಿ ಬಂದರೆ, ಆ ಮನೆಯ ಗೋಡೆಯ ಮೇಲಿರುವ ಯೇಸುವಿನ ಪವಿತ್ರ ಹೃದಯದ ಪಟಕ್ಕೆ ನಾವು ಏನು ಉತ್ತರ ಹೇಳೋಣ?

ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರು ಮುಂಬಯಿಗಳಲ್ಲೋ ದುಡಿಯುತ್ತಿರುವ ಮಕ್ಕಳಿಗೆ ಒಂದು ಮಾತು. ದೂರವಿರುವುದು ಪಾಪವಲ್ಲ, ಹೊಟ್ಟೆಪಾಡು. ಹಣ ಕಳಿಸುತ್ತೀರಿ, ಸಂತೋಷ. ಜೊತೆಗೆ ಪ್ರತಿದಿನ ಒಂದೇ ಹೊತ್ತಿಗೆ ಐದು ನಿಮಿಷ ಫೋನಿನಲ್ಲಿ ಮಾತನಾಡಿ. ಊಟ ಆಯಿತೇ, ಮಾತ್ರೆ ತೆಗೆದುಕೊಂಡಿರಾ ಎಂದಷ್ಟೇ ಕೇಳಬೇಡಿ. ಏನಾದರೂ ಸಲಹೆ ಕೇಳಿ: ಮೀನಿನ ಸಾರಿಗೆ ಹುಳಿ ಎಷ್ಟು, ಮಗುವಿಗೆ ಜ್ವರ ಬಂದರೆ ನೀವು ಏನು ಕೊಡುತ್ತಿದ್ದಿರಿ, ಅಜ್ಜನ ಊರು ಯಾವುದು. ತಾನು ಇನ್ನೂ ಬೇಕಾದವಳು ಎಂಬ ಅರಿವು ಅಮ್ಮನಿಗೆ ಕೊಡುವ ಬಲ ಯಾವ ಟಾನಿಕ್ಕಿನಲ್ಲೂ ಇಲ್ಲ.

ಇನ್ನೊಂದು ಮಾತು ಮನೆಯಲ್ಲೇ ಇದ್ದು ಸೇವೆ ಮಾಡುವವರ ಪರವಾಗಿ. ನಡು ಕಟ್ಟುವ, ಹಾಸಿಗೆ ಬದಲಿಸುವ, ರಾತ್ರಿ ಮೂರು ಸಲ ಏಳುವ ಕೆಲಸ ಬಹುತೇಕ ಮನೆಗಳಲ್ಲಿ ಸೊಸೆಯ ಅಥವಾ ಒಬ್ಬ ಮಗಳ ಪಾಲಿಗೆ ಬಂದಿರುತ್ತದೆ. ನವೊಮಿಯನ್ನು ಕೈಬಿಡದ ರೂತಳೂ ಸೊಸೆಯೇ. ಆದರೆ ರೂತಳ ಕಥೆ ಗಂಡುಮಕ್ಕಳ ಸೋಮಾರಿತನಕ್ಕೆ ಅಪ್ಪಣೆ ಚೀಟಿಯಲ್ಲ. ವರ್ಷಕ್ಕೊಮ್ಮೆ ಹಣ್ಣಿನ ಬುಟ್ಟಿ ತಂದು ತಾಯಿ ಸೊರಗಿದ್ದಾಳೆಂದು ತಪ್ಪು ಹುಡುಕುವ ಅಣ್ಣತಮ್ಮಂದಿರು, ಅಕ್ಕತಂಗಿಯರು, ವಾರಕ್ಕೊಂದು ರಾತ್ರಿ ತಾವೇ ಮಂಚದ ಪಕ್ಕ ಮಲಗಲಿ. ಸೇವೆ ಮಾಡುವವಳಿಗೂ ನಿದ್ರೆ ಬೇಕು, ಭಾನುವಾರದ ಪೂಜೆ ಬೇಕು, "ನೀನು ಮಾಡುತ್ತಿರುವುದು ದೊಡ್ಡದು" ಎಂಬ ಒಂದು ಒಳ್ಳೆಯ ಮಾತೂ ಬೇಕು.

ತನ್ನ ಹಾಸಿಗೆ ಬಿಟ್ಟುಕೊಟ್ಟ ಸಂತೆ

ಚಾಚುವ ಕೈ, ಹಿಡಿಯುವ ಕೈ ಎರಡನ್ನೂ ಒಂದೇ ಬಾಳಿನಲ್ಲಿ ತೋರಿಸಿದವರು ಫ್ರಾನ್ಸ್ ದೇಶದ ಸಂತ ಜಾನ್ ಜುಗಾನ್. 1792ರಲ್ಲಿ ಬಡ ಮೀನುಗಾರನ ಮನೆಯಲ್ಲಿ ಹುಟ್ಟಿ, ಮನೆಗೆಲಸ ಮಾಡಿ ಬದುಕಿದವರು. 1839ರ ಚಳಿಗಾಲದಲ್ಲಿ ದಿಕ್ಕಿಲ್ಲದ ಕುರುಡಿ ಮುದುಕಿಯೊಬ್ಬಳನ್ನು ತಮ್ಮ ಬಾಡಿಗೆ ಮನೆಗೆ ತಂದು, ತಮ್ಮ ಹಾಸಿಗೆಯನ್ನೇ ಅವಳಿಗೆ ಬಿಟ್ಟುಕೊಟ್ಟರು. ಒಬ್ಬಳಿಗೆ ಇನ್ನೊಬ್ಬಳು ಸೇರಿದಳು; ಬುಟ್ಟಿ ಹಿಡಿದು ಭಿಕ್ಷೆ ಬೇಡಿ ಅವರನ್ನೆಲ್ಲ ಸಾಕಿದರು. 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಕನ್ಯಾಸ್ತ್ರೀಯರ ಸಭೆ ಹುಟ್ಟಿದ್ದು ಹೀಗೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಅವರ ವೃದ್ಧಾಶ್ರಮವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಆದರೆ ಸಂಸ್ಥಾಪಕಿಯನ್ನೇ ಅಧಿಕಾರದಿಂದ ಸರಿಸಲಾಯಿತು. ತಮ್ಮ ಕೊನೆಯ 27 ವರ್ಷಗಳನ್ನು ಅವರು ಯಾರ ಗಮನಕ್ಕೂ ಬಾರದೆ, ಕಿರಿಯ ಕನ್ಯಾಸ್ತ್ರೀಯರ ನಡುವೆ ಒಬ್ಬ ಮುದುಕಿಯಾಗಿ, ಕಣ್ಣು ಮಂಜಾದರೂ ದೂರಿಲ್ಲದೆ ಕಳೆದು, 1879ರಲ್ಲಿ ತೀರಿಕೊಂಡರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಮೊದಲು ಕುರುಡಿಯ ಕೈ ಹಿಡಿದರು, ಕೊನೆಗೆ ತಾವೇ ಕೈ ಚಾಚಿದರು. ಅವರನ್ನು ಸಂತರನ್ನಾಗಿಸಿದ್ದು ಇವುಗಳಲ್ಲಿ ಯಾವುದು? ಎರಡೂ ಎನ್ನದೆ ಬೇರೆ ಉತ್ತರವಿಲ್ಲ.

ಈ ಎಣ್ಣೆ ಸಾವಿನ ಗುರುತಲ್ಲ

ಧರ್ಮಸಭೆಯೂ ವೃದ್ಧರ ಕಡೆಗೆ ಒಂದು ಕೈ ಚಾಚುತ್ತದೆ. ರೋಗಿಗಳ ಅಭ್ಯಂಗವೇ ಆ ಕೈ. ದುಃಖದ ಸಂಗತಿಯೆಂದರೆ ಎಷ್ಟೋ ಮನೆಗಳಲ್ಲಿ ಇದನ್ನು ಇನ್ನೂ ಕೊನೆಯ ಎಣ್ಣೆ ಎಂದೇ ತಿಳಿದಿದ್ದಾರೆ. ಗುರುಗಳು ಬಂದರೆ ಅಪ್ಪ ಹೆದರಿಬಿಡುತ್ತಾರೆಂದು ಪ್ರಜ್ಞೆ ತಪ್ಪುವವರೆಗೆ ಕಾದು, ನಡುರಾತ್ರಿ ಓಡಿ ಬರುತ್ತಾರೆ. ಅಷ್ಟು ಹೊತ್ತಿಗೆ ಪಾಪನಿವೇದನೆ ಮಾಡಲು ಬಾಯಿಲ್ಲ, ಪರಮಪ್ರಸಾದ ನುಂಗಲು ಗಂಟಲಿಲ್ಲ. ಇಡೀ ಬಾಳು ಪೂಜೆಗೆ ಬಂದವರಿಗೆ ಕೊನೆಯಲ್ಲಿ ನಾವೇ ಆ ಸಾಂತ್ವನವನ್ನು ತಪ್ಪಿಸಿದಂತಾಗುತ್ತದೆ.

ಇದು ಸಾಯುತ್ತಿರುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿತು. 1972ರಲ್ಲಿ ಜಗದ್ಗುರು ಆರನೇ ಪೌಲರು ಅದರ ವಿಧಿಯನ್ನು ಹೊಸದಾಗಿ ಜಾರಿಗೊಳಿಸಿದರು. ದೊಡ್ಡ ಕಾಯಿಲೆ ಇಲ್ಲದಿದ್ದರೂ ಮುಪ್ಪಿನಿಂದ ಬಹಳ ಬಲಗುಂದಿದವರು ಇದನ್ನು ಪಡೆಯಬಹುದು. ಗಂಭೀರ ಶಸ್ತ್ರಚಿಕಿತ್ಸೆಗೆ ಮುನ್ನ ಪಡೆಯಬಹುದು. ಚೇತರಿಸಿಕೊಂಡು ಮತ್ತೆ ಕಾಯಿಲೆ ಬಿದ್ದರೆ, ಇಲ್ಲವೇ ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು. ಸಂತ ಯಕೋಬರ ಪತ್ರ (5:14-15) ಹೇಳುವಂತೆ, ಇದು ರೋಗಿಯನ್ನು ಎಬ್ಬಿಸುವ ಪ್ರಾರ್ಥನೆ.

ಈ ವಿಧಿಯಲ್ಲಿ ಗುರುವು ಎಣ್ಣೆಯನ್ನು ಎಲ್ಲೆಲ್ಲಿ ಹಚ್ಚುತ್ತಾನೆಂದು ಗಮನಿಸಿದ್ದೀರಾ? ಹಣೆಯ ಮೇಲೆ, ಆಮೇಲೆ ಕೈಗಳ ಮೇಲೆ. ರೋಗಿ ಕೈ ಚಾಚಬೇಕು. ಉತ್ತ ಕೈ, ನಾಟಿ ಮಾಡಿದ ಕೈ, ಹಿಟ್ಟು ನಾದಿದ ಕೈ, ಮಕ್ಕಳ ಹಣೆಗೆ ಶಿಲುಬೆಯ ಗುರುತು ಹಾಕಿದ ಕೈ. ಇನ್ನೇನೂ ಮಾಡಲಾರದೆ ಬರಿದಾದ ಆ ಕೈಗಳನ್ನೇ ಧರ್ಮಸಭೆ ಹುಡುಕಿ ಬಂದು ಅಭ್ಯಂಗಿಸುತ್ತದೆ.

ಸಿಮೆಯೋನನ ಕೈಗಳು

ಬಾಲ ಯೇಸುವನ್ನು ದೇವಾಲಯದಲ್ಲಿ ಅರ್ಪಿಸಲು ತಂದ ದಿನ ಅಲ್ಲಿ ಅವರನ್ನು ಗುರುತಿಸಿದವರು ಯಾರು? ಯಾಜಕರಲ್ಲ, ಪಂಡಿತರಲ್ಲ. ತನ್ನ ಸಾವಿನ ಮುನ್ನ ಉದ್ಧಾರಕನನ್ನು ಕಾಣುವ ಭರವಸೆಯಲ್ಲಿ ಕಾದಿದ್ದ ಸಿಮೆಯೋನ, ಮತ್ತು 84ರ ವಿಧವೆ ಅನ್ನ (ಲೂಕ 2:25-38). ಯುವಕರು ಕಾಣದ್ದನ್ನು ಆ ಮಂಜುಗಣ್ಣುಗಳು ಕಂಡವು. ಸಿಮೆಯೋನನು ಕೈ ಚಾಚಿ ಮಗುವನ್ನು ಎತ್ತಿಕೊಂಡು ದೇವರನ್ನು ಕೊಂಡಾಡಿದ. ಅನ್ನ ಅದೇ ಗಳಿಗೆಯಲ್ಲಿ ಬಂದು, ಆ ಮಗುವಿನ ವಿಷಯವನ್ನು ಕಾದಿದ್ದವರಿಗೆಲ್ಲ ಹೇಳತೊಡಗಿದಳು. ವಯಸ್ಸಾದವರಿಗೆ ಧರ್ಮಸಭೆಯಲ್ಲಿ ಕೆಲಸವಿಲ್ಲ ಎನ್ನುವವರು ಈ ಪುಟವನ್ನು ಓದಲಿ. ಮೊಮ್ಮಗುವಿಗೆ ಮೊದಲ ಶಿಲುಬೆಯ ಗುರುತು ಕಲಿಸುವವರು ಇಂದಿಗೂ ಅವರೇ ಅಲ್ಲವೇ?

ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋವಾಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರಂದು ಬರುತ್ತದೆ. ಅದಕ್ಕೆ ಹೊಂದಿಕೊಂಡಂತೆ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವನ್ನಾಗಿ ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಆರಂಭಿಸಿದರು. ಆ ಭಾನುವಾರ ಬರುವವರೆಗೆ ಕಾಯಬೇಕಾಗಿಲ್ಲ. ಹಿರಿಯರೇ, ನೀವು ಇಷ್ಟು ದಿನ ಹಟ ಹಿಡಿದು ಬೇಡವೆಂದ ಒಂದು ಸಹಾಯವನ್ನು ಈ ವಾರ ಒಪ್ಪಿಕೊಳ್ಳಿ. ಕೋಲೋ, ಕಿವಿಯ ಪರೀಕ್ಷೆಯೋ, ಮಗನ ತೋಳೋ. ಮಕ್ಕಳೇ, ನಿಮ್ಮ ಮನೆಯ ಹಿರಿಯರಿಗಾಗಿ ಒಂದು ಕಲ್ಲನ್ನು ತಂದಿಡಿ, ಒಂದು ಊಟವನ್ನು ಅವರ ಪಕ್ಕದಲ್ಲಿ ಕೂತು ಉಣ್ಣಿ. ಮನೆಯಲ್ಲಿ ಹಿರಿಯರಿಲ್ಲದವರು ನೆರೆಯ ಒಂಟಿ ಮನೆಯ ಬಾಗಿಲು ತಟ್ಟಿರಿ. ಪೂಜೆಗೆ ಬರಲಾಗದವರ ಹೆಸರುಗಳನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿರಿ.

ನಾವು ಬಲಿಪೂಜೆಯಲ್ಲಿ ಪರಮಪ್ರಸಾದ ಪಡೆಯಲು ಸಾಲಿನಲ್ಲಿ ಬರುವಾಗ ಚಿಕ್ಕವರೆಂಬ, ದೊಡ್ಡವರೆಂಬ ಭೇದವಿಲ್ಲದೆ ಬರಿಗೈಯಲ್ಲಿ ಬರುತ್ತೇವೆ. ಅಲ್ಲಿ ಯಾರೂ ಗಳಿಸಿ ತಿನ್ನುವುದಿಲ್ಲ, ಎಲ್ಲರೂ ಬೇಡಿ ಪಡೆಯುತ್ತೇವೆ. ಮುಪ್ಪು ನಮಗೆ ಕಲಿಸುವುದೂ ಅದನ್ನೇ.

ಪ್ರಭುವೇ, ನಮ್ಮ ಬಲ ಕುಂದುವ ದಿನ ಕೈ ಚಾಚುವ ದೀನತೆಯನ್ನು ನಮಗೆ ಕೊಡಿ. ನಮ್ಮ ಬಲ ಇರುವ ಈ ದಿನಗಳಲ್ಲಿ, ನಮ್ಮ ಕಡೆಗೆ ಚಾಚಿದ ಕೈಯನ್ನು ಬಿಡದಿರುವ ಪ್ರೀತಿಯನ್ನು ಕೊಡಿ. ಆಮೆನ್.